ಆರೋಪಿ ಇಲ್ಲದ ಮೊಕದ್ದಮೆ: ಅಮೆರಿಕದಲ್ಲಿ ನಗದಿನ ಮೇಲೆ ಪೊಲೀಸರ ಕಣ್ಣು

2021ರ ಮಾರ್ಚ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನ ಒಂದು ಖಾಸಗಿ ಲಾಕರ್ ಕಂಪನಿಯ ಮೇಲೆ ಎಫ್‌ಬಿಐ ದಾಳಿ ಮಾಡಿತು. ಕಂಪನಿಯ ಹೆಸರು ಯುಎಸ್ ಪ್ರೈವೇಟ್ ವಾಲ್ಟ್ಸ್. ಬ್ಯಾಂಕ್ ಲಾಕರ್ ಥರವೇ, ಆದರೆ ಇಲ್ಲಿ ಹೆಸರು ಕೊಡದೆಯೂ ಲಾಕರ್ ಬಾಡಿಗೆಗೆ ಸಿಗುತ್ತಿತ್ತು. ಕಂಪನಿ ಡ್ರಗ್ಸ್ ದುಡ್ಡನ್ನು ಬಿಳಿ ಮಾಡಲು ನೆರವಾಗುತ್ತಿದೆ ಎನ್ನುವುದು ಆರೋಪ. ಅದೇನೂ ಸುಳ್ಳು ಆರೋಪವಲ್ಲ, ಕಂಪನಿಯೇ ಮುಂದೆ ತಪ್ಪೊಪ್ಪಿಕೊಂಡಿತು. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ.

ತಕರಾರು ಶುರುವಾಗುವುದು ಲಾಕರ್‌ಗಳ ಬಾಗಿಲು ತೆರೆದಾಗ. ನ್ಯಾಯಾಧೀಶರು ಕೊಟ್ಟ ವಾರಂಟ್ ಕಂಪನಿಯ ಕಂಪ್ಯೂಟರು, ಹಣ ಎಣಿಸುವ ಯಂತ್ರ, ಲಾಕರ್‌ಗಳ ಕಬ್ಬಿಣದ ಚೌಕಟ್ಟು ಇಂಥವನ್ನು ಒಯ್ಯಲು ಅನುಮತಿ ಕೊಟ್ಟಿತ್ತು. ಲಾಕರ್ ಒಳಗಿನ ವಸ್ತುಗಳನ್ನು ಅಪರಾಧದ ತನಿಖೆಗಾಗಿ ಹುಡುಕಲು ಅನುಮತಿ ಇಲ್ಲ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆದಿತ್ತು. ಮಾಲೀಕರು ಯಾರೆಂದು ಗೊತ್ತುಮಾಡಿಕೊಂಡು ಅವರ ವಸ್ತು ಅವರಿಗೆ ಮುಟ್ಟಿಸಲು ಎಷ್ಟು ಬೇಕೋ ಅಷ್ಟು ಮಾತ್ರ ನೋಡುತ್ತೇವೆ ಎಂದು ಎಫ್‌ಬಿಐ ಹೇಳಿಕೊಂಡಿತ್ತು. ನಡೆದದ್ದು ಬೇರೆ. ನೂರಾರು ಲಾಕರ್ ತೆರೆದರು. ಮಾಲೀಕರ ಹೆಸರು, ಫೋನ್ ನಂಬರ್ ಬರೆದ ಚೀಟಿ ಮೇಲೆಯೇ ಅಂಟಿಸಿದ್ದರೂ ಬಿಡಲಿಲ್ಲ. ಲಕೋಟೆ ಬಿಚ್ಚಿದರು, ಕಾಗದಪತ್ರಗಳ ಫೋಟೋ ತೆಗೆದರು, ನೋಟುಗಳನ್ನು ನಾಯಿಗಳಿಗೆ ಮೂಸಿಸಿದರು. ಕೆಲವೇ ವಾರಗಳಲ್ಲಿ ಹಲವು ಲಾಕರ್‌ಗಳ ವಸ್ತುಗಳನ್ನು ಸರ್ಕಾರವೇ ಉಳಿಸಿಕೊಳ್ಳುತ್ತದೆ ಎಂಬ ನೋಟಿಸ್ ಬಂತು. ಅದರಲ್ಲಿ ನಗದೇ 8 ಕೋಟಿ ಡಾಲರ್‌ಗೂ ಜಾಸ್ತಿ. ಆ ಮಾಲೀಕರು ಯಾವ ತಪ್ಪು ಮಾಡಿದ್ದಾರೆ ಎನ್ನುವುದು ನೋಟಿಸಿನಲ್ಲಿ ಇರಲಿಲ್ಲ.

ಆಮೇಲೆ ಲಾಕರ್ ಮಾಲೀಕರು ಹೂಡಿದ ಕೇಸಿನಲ್ಲಿ ಒಂದೊಂದೇ ಹೊರಗೆ ಬಂತು. ಐದು ಸಾವಿರ ಡಾಲರ್‌ಗಿಂತ ಜಾಸ್ತಿ ಬೆಲೆಯ ವಸ್ತು ಸಿಕ್ಕರೆ ಮುಟ್ಟುಗೋಲು ಹಾಕಬೇಕು ಎಂಬ ತಯಾರಿ ದಾಳಿಗೆ ಮುಂಚೆಯೇ ನಡೆದಿತ್ತು. ವಾರಂಟ್ ಕೇಳಿದಾಗ ನ್ಯಾಯಾಧೀಶರಿಗೆ ಈ ವಿಷಯ ಹೇಳಿರಲಿಲ್ಲ. ಈ ದಾಳಿಗಾಗಿಯೇ ವಿಶೇಷ ಸೂಚನೆಗಳನ್ನು ಬರೆದಿದ್ದರು. ಕೆಳ ಕೋರ್ಟು 2022ರಲ್ಲಿ ಎಫ್‌ಬಿಐ ಪರವಾಗಿಯೇ ತೀರ್ಪು ಕೊಟ್ಟಿತು. 2024ರ ಜನವರಿಯಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ಇದು ಸಕಾರಣವಿಲ್ಲದ ಶೋಧವನ್ನು ತಡೆಯುವ, ಸಂವಿಧಾನದ ನಾಲ್ಕನೇ ತಿದ್ದುಪಡಿಯ ಉಲ್ಲಂಘನೆ, ಲಾಕರ್ ತೆರೆದು ಕಲೆಹಾಕಿದ ದಾಖಲೆಗಳನ್ನು ಅಳಿಸಬೇಕು ಎಂದಿತು.

ಗೆದ್ದರಲ್ಲ, ಇನ್ನೇನು ಎನ್ನಬಹುದು. ಆದರೆ ಈ ಗೆಲುವಿಗೆ ಸುಮಾರು ಮೂರು ವರ್ಷ ಹಿಡಿಯಿತು. ಉಚಿತವಾಗಿ ವಾದಿಸುವ ಒಂದು ವಕೀಲರ ಸಂಸ್ಥೆ ಬೆನ್ನಿಗೆ ನಿಂತಿದ್ದರಿಂದ ಇಷ್ಟಾದರೂ ಆಯಿತು. ಬಹುಪಾಲು ಜನಕ್ಕೆ ಆ ಬಲ ಇರುವುದಿಲ್ಲ. ತಪಾಸಣೆಯ ವಿರುದ್ಧ ಸಂವಿಧಾನ ಕೊಡುವ ರಕ್ಷಣೆ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ ಸಿಗುತ್ತದೆ. ಮುಟ್ಟುಗೋಲು ಕಾನೂನು ಜನ ಆ ಮೆಟ್ಟಿಲು ಹತ್ತದ ಹಾಗೆ ನೋಡಿಕೊಳ್ಳುತ್ತದೆ. ಎರಡನ್ನೂ ಬೇರೆ ಬೇರೆ ಓದಿದರೆ ಈ ಕಥೆ ಅರ್ಥವಾಗುವುದಿಲ್ಲ.

ವಸ್ತುವಿನ ಮೇಲೆ ಕೇಸು

ಅಮೆರಿಕದಲ್ಲಿ ಮುಟ್ಟುಗೋಲಿಗೆ ಎರಡು ದಾರಿ ಇವೆ. ಒಂದು ಕ್ರಿಮಿನಲ್ ದಾರಿ. ಮನುಷ್ಯನ ಮೇಲೆ ಆರೋಪ ಹೊರಿಸಿ, ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿ, ಶಿಕ್ಷೆಯ ಜೊತೆಗೆ ಅವನ ಆಸ್ತಿಯನ್ನೂ ಕಿತ್ತುಕೊಳ್ಳುವುದು. ಇದಕ್ಕೆ ಹೆಚ್ಚು ವಿರೋಧ ಇಲ್ಲ. ಇನ್ನೊಂದು ಸಿವಿಲ್ ದಾರಿ. ಇಲ್ಲಿ ಆರೋಪಿ ಮನುಷ್ಯನಲ್ಲ, ವಸ್ತು. ಕೇಸಿನ ಹೆಸರೇ ವಿಚಿತ್ರ. ‘ಯುನೈಟೆಡ್ ಸ್ಟೇಟ್ಸ್ ವಿರುದ್ಧ 1,24,700 ಡಾಲರ್ ನಗದು’. ‘ಯುನೈಟೆಡ್ ಸ್ಟೇಟ್ಸ್ ವಿರುದ್ಧ ಸುಮಾರು 64,695 ಪೌಂಡ್ ಶಾರ್ಕ್ ರೆಕ್ಕೆಗಳು’. ತಮಾಷೆಯಲ್ಲ, ಇವು ನಿಜವಾಗಿ ನಡೆದ ಮೊಕದ್ದಮೆಗಳು. ವಸ್ತುವಿಗೆ ವಕೀಲರನ್ನು ಪಡೆಯುವ ಹಕ್ಕಿಲ್ಲ. ತಪ್ಪಿತಸ್ಥ ಎಂದು ಸಾಬೀತಾಗುವ ತನಕ ನಿರಪರಾಧಿ ಎನ್ನುವ ತತ್ವವೂ ಅದಕ್ಕೆ ಅನ್ವಯಿಸುವುದಿಲ್ಲ.

ಆ 1,24,700 ಡಾಲರ್ ಕೇಸನ್ನೇ ನೋಡೋಣ. ನೆಬ್ರಾಸ್ಕಾದ ಹೆದ್ದಾರಿಯಲ್ಲಿ ವೇಗ ಮೀರಿದ್ದಕ್ಕೆ ಒಬ್ಬ ಚಾಲಕನನ್ನು ತಡೆದರು. ಕಾರಿನಲ್ಲಿದ್ದ ಐಸ್ ಪೆಟ್ಟಿಗೆಯೊಳಗೆ ನೋಟಿನ ಕಟ್ಟುಗಳು ಸಿಕ್ಕವು. ನಾನು, ನನ್ನ ಸ್ನೇಹಿತರು ಸೇರಿ ಹಾಕಿದ ದುಡ್ಡು, ಶೈತ್ಯ ವ್ಯವಸ್ಥೆ ಇರುವ ಒಂದು ಲಾರಿ ಕೊಳ್ಳಲು ಹೋಗಿದ್ದೆ, ವ್ಯಾಪಾರ ಕುದುರಲಿಲ್ಲ ಎಂದ. ಮೊದಲು ಹಣ ಇಲ್ಲ ಎಂದು ಸುಳ್ಳು ಹೇಳಿದ್ದೂ ನಿಜ. ಡ್ರಗ್ಸ್ ಸಿಗಲಿಲ್ಲ. ಆದರೆ ನಾಯಿ ನೋಟಿನ ಕಡೆ ಮೂಗು ತೋರಿಸಿತು. ವಿಚಾರಣಾ ಕೋರ್ಟು ಇವರ ಮಾತು ನಂಬಿ ಹಣ ವಾಪಸ್ ಕೊಡಿ ಎಂದಿತು. 2006ರಲ್ಲಿ ಮೇಲ್ಮನವಿ ಕೋರ್ಟು 2-1 ಬಹುಮತದಿಂದ ಆ ತೀರ್ಪನ್ನು ರದ್ದು ಮಾಡಿ ಹಣವನ್ನು ಸರ್ಕಾರಕ್ಕೆ ಕೊಟ್ಟಿತು. ದೊಡ್ಡ ಮೊತ್ತ, ಕಟ್ಟಿಟ್ಟ ರೀತಿ, ಬಾಡಿಗೆ ಕಾರು, ನಾಯಿಯ ಮೂಗು ಎಲ್ಲ ಸೇರಿದರೆ ಸಾಕು ಎಂದರು. ಅಂದಹಾಗೆ, ಚಲಾವಣೆಯಲ್ಲಿರುವ ನೋಟುಗಳಲ್ಲಿ ಡ್ರಗ್ಸ್ ಕಣ ಅಂಟಿರುವುದು ಮಾಮೂಲಿ ಎಂದು ಅಮೆರಿಕದ ಕೋರ್ಟುಗಳೇ ಬೇರೆ ಕೇಸುಗಳಲ್ಲಿ ಬರೆದಿವೆ.

ವಸ್ತುವಿನ ಮೇಲೆ ಕೇಸು ಹಾಕುವ ಪದ್ಧತಿ ಹಡಗಿನ ಕಾಲದ್ದು. ಕಳ್ಳಸಾಗಣೆಯ ಹಡಗು ಬಂದರಿನಲ್ಲಿ ಸಿಕ್ಕಿಬಿದ್ದರೆ ಮಾಲೀಕ ಸಮುದ್ರದ ಆಚೆ ಎಲ್ಲೋ ಇರುತ್ತಿದ್ದ. ಅವನನ್ನು ಹಿಡಿದು ತರುವುದು ಆಗದ ಮಾತು. ಹಾಗಾಗಿ ಹಡಗನ್ನೇ ಆರೋಪಿ ಮಾಡಿದರು. ಕಾರಣ ಸರಿಯಾಗಿಯೇ ಇತ್ತು. ಆದರೆ ಈಗ ಮಾಲೀಕ ಸಮುದ್ರದ ಆಚೆ ಇಲ್ಲ, ಅದೇ ಕಾರಿನ ಚಾಲಕನ ಸೀಟಿನಲ್ಲಿ ಕೂತಿದ್ದಾನೆ. ಡ್ರೈವಿಂಗ್ ಲೈಸೆನ್ಸ್ ಪೊಲೀಸರ ಕೈಯಲ್ಲೇ ಇದೆ.

ತಪಾಸಣೆಯ ವಿರುದ್ಧದ ರಕ್ಷಣೆಯ ಬೇರು ಕೂಡ ಅದೇ ಬಂದರುಗಳಲ್ಲಿದೆ. ಬ್ರಿಟಿಷರ ಕಾಲದಲ್ಲಿ ಸುಂಕದ ಅಧಿಕಾರಿಗಳ ಕೈಯಲ್ಲಿ ಒಂದು ಸಾಮಾನ್ಯ ವಾರಂಟ್ ಇರುತ್ತಿತ್ತು. ಯಾರ ಮನೆ, ಯಾವ ವಸ್ತು ಎಂದು ಅದರಲ್ಲಿ ಬರೆದಿರುತ್ತಿರಲಿಲ್ಲ. ಯಾವ ಗೋದಾಮಿಗೆ ಬೇಕಾದರೂ ನುಗ್ಗಬಹುದಿತ್ತು. 1761ರಲ್ಲಿ ಬಾಸ್ಟನ್ನಿನ ವಕೀಲ ಜೇಮ್ಸ್ ಓಟಿಸ್ ಇದರ ವಿರುದ್ಧ ಗಂಟೆಗಟ್ಟಲೆ ವಾದಿಸಿ ಸೋತ. ಆ ಸಿಟ್ಟು ಮಾತ್ರ ಆರಲಿಲ್ಲ. 1791ರಲ್ಲಿ ಜಾರಿಗೆ ಬಂದ ನಾಲ್ಕನೇ ತಿದ್ದುಪಡಿ ಜನರ ಮೈ, ಮನೆ, ಕಾಗದಪತ್ರ, ಸಾಮಾನು ಇವುಗಳಿಗೆ ಸಕಾರಣವಿಲ್ಲದ ಶೋಧ ಮತ್ತು ಜಪ್ತಿಯಿಂದ ರಕ್ಷಣೆ ಕೊಟ್ಟಿತು. ವಾರಂಟ್ ಕೊಡಬೇಕಾದರೆ ಗಟ್ಟಿ ಕಾರಣ ಬೇಕು, ಎಲ್ಲಿ ಹುಡುಕಬೇಕು, ಏನು ಹಿಡಿಯಬೇಕು ಎಂದು ಬರೆದಿರಬೇಕು. ಬೆವರ್ಲಿ ಹಿಲ್ಸ್ ಕೇಸಿನ ತೀರ್ಪಿನಲ್ಲೂ ಈ ಹಳೆಯ ಸುಂಕದ ವಾರಂಟಿನ ನೆನಪು ಬಂದಿದೆ.

ನಾಲ್ಕನೇ ತಿದ್ದುಪಡಿಯ ಮೊದಲ ದೊಡ್ಡ ತೀರ್ಪು ಬಂದದ್ದೂ ಮುಟ್ಟುಗೋಲು ಕೇಸಿನಲ್ಲೇ. 1886ರ ಬಾಯ್ಡ್ ಕೇಸು. 35 ಪೆಟ್ಟಿಗೆ ಗಾಜಿನ ಹಲಗೆಗೆ ಸುಂಕ ಕಟ್ಟಿಲ್ಲ ಎಂದು ಸರ್ಕಾರ ಅವನ್ನು ಹಿಡಿದಿಟ್ಟಿತು. ವ್ಯಾಪಾರಿಗಳ ಬಿಲ್ಲನ್ನು ಅವರಿಂದಲೇ ಬಲವಂತವಾಗಿ ಕೇಳಿ ಪಡೆಯಿತು. ಹೆಸರಿಗೆ ಸಿವಿಲ್ ಆದರೂ ಇದರ ಗುಣ ಕ್ರಿಮಿನಲ್, ಆದ್ದರಿಂದ ರಕ್ಷಣೆ ಅನ್ವಯಿಸುತ್ತದೆ ಎಂದಿತು ಸುಪ್ರೀಂ ಕೋರ್ಟು. 1965ರಲ್ಲಿ ಇನ್ನೊಂದು ಕೇಸು. ಪೆನ್ಸಿಲ್ವೇನಿಯಾದಲ್ಲಿ 1958ರ ಪ್ಲಿಮತ್ ಕಾರಿನ ಹಿಂಭಾಗ ಭಾರಕ್ಕೆ ತಗ್ಗಿದೆ ಎಂದು ತಡೆದ ಅಧಿಕಾರಿಗಳು ವಾರಂಟ್ ಇಲ್ಲದೆ ಡಿಕ್ಕಿ ತೆಗೆದು 31 ಪೆಟ್ಟಿಗೆ ಮದ್ಯ ಹಿಡಿದರು. ಕಾನೂನು ಮೀರಿದ ಶೋಧದಿಂದ ಸಿಕ್ಕ ಸಾಕ್ಷ್ಯವನ್ನು ಮುಟ್ಟುಗೋಲು ಕೇಸಿನಲ್ಲೂ ಬಳಸುವಂತಿಲ್ಲ ಎಂದು ಕೋರ್ಟು ಹೇಳಿತು. ಅಂದರೆ ಪುಸ್ತಕದಲ್ಲಿ ರಕ್ಷಣೆ ಇದೆ. ಆರು ದಶಕದಿಂದ ಇದೆ.

ದುಡ್ಡು ಯಾರ ಜೇಬಿಗೆ

ಹಾಗಾದರೆ ಕೆಟ್ಟದ್ದು ಎಲ್ಲಿ? 1984ರಲ್ಲಿ. ರೊನಾಲ್ಡ್ ರೇಗನ್ ಅಧ್ಯಕ್ಷರಾಗಿದ್ದಾಗ ಡ್ರಗ್ಸ್ ವಿರುದ್ಧದ ಹೋರಾಟದ ಬಿಸಿಯಲ್ಲಿ ಒಂದು ದೊಡ್ಡ ಕಾನೂನು ಬಂತು. ಅಲ್ಲಿಯವರೆಗೆ ಮುಟ್ಟುಗೋಲಿನ ಹಣ ಸರ್ಕಾರದ ಸಾಮಾನ್ಯ ಖಜಾನೆಗೆ ಹೋಗುತ್ತಿತ್ತು. ಹೊಸ ಕಾನೂನು ನ್ಯಾಯ ಇಲಾಖೆಯಲ್ಲೇ ಒಂದು ಪ್ರತ್ಯೇಕ ನಿಧಿ ಮಾಡಿ, ಹಣ ಅಲ್ಲಿಗೆ ಬರುವ ಹಾಗೆ ಮಾಡಿತು. ರಾಜ್ಯ ಮತ್ತು ಊರಿನ ಪೊಲೀಸರು ಹಿಡಿದ ಹಣವನ್ನು ಕೇಂದ್ರದ ಸಂಸ್ಥೆಗೆ ಒಪ್ಪಿಸಿದರೆ, ಅದರ 80 ಶೇಕಡಾ ತನಕ ಅವರಿಗೇ ವಾಪಸ್ ಸಿಗುವ ಹಾಗೂ ಆಯಿತು. ಹಿಡಿಯುವವರೇ ಇಟ್ಟುಕೊಳ್ಳುವವರಾದರು.

ಇದರ ನಂತರ ಶೋಧದ ಉದ್ದೇಶವೇ ಬದಲಾಯಿತು. ನಾಲ್ಕನೇ ತಿದ್ದುಪಡಿಗೆ ಇರುವ ಒಂದೇ ಗಟ್ಟಿ ಹಲ್ಲು ಎಂದರೆ, ತಪ್ಪಾಗಿ ಹುಡುಕಿದರೆ ಸಾಕ್ಷ್ಯ ಕೆಲಸಕ್ಕೆ ಬರುವುದಿಲ್ಲ ಎನ್ನುವ ನಿಯಮ. ಕೇಸು ಬಿದ್ದುಹೋಗುತ್ತದೆ ಎಂಬ ಭಯಕ್ಕೆ ಪೊಲೀಸರು ನಿಯಮ ಪಾಲಿಸುತ್ತಾರೆ ಎನ್ನುವುದು ಅದರ ಲೆಕ್ಕ. ಆದರೆ ಸಾಕ್ಷ್ಯ ಯಾರಿಗೆ ಬೇಕು? ಯಾರನ್ನೂ ಜೈಲಿಗೆ ಕಳಿಸುವ ಇರಾದೆಯೇ ಇಲ್ಲ ಎಂದಾದರೆ ಆ ಹಲ್ಲು ಯಾರನ್ನೂ ಕಚ್ಚುವುದಿಲ್ಲ. ಹಣ ಕೈಗೆ ಬಂತು, ಚಾಲಕನನ್ನು ಹೋಗು ಎಂದು ಬಿಟ್ಟರು, ಮುಗಿಯಿತು. ಅವನು ಕೋರ್ಟಿಗೆ ಬಂದು ಶೋಧ ತಪ್ಪು ಎಂದು ವಾದಿಸಿದರೆ ಮಾತ್ರ ಆ ಪ್ರಶ್ನೆ ಏಳುತ್ತದೆ. ಬರದಿದ್ದರೆ ಶೋಧ ಸರಿಯೋ ತಪ್ಪೋ ಎಂದು ಯಾವ ನ್ಯಾಯಾಧೀಶರೂ ನೋಡುವುದಿಲ್ಲ.

ಕೋರ್ಟಿಗೆ ಬಂದು ಗೆದ್ದರೂ ಪೂರ್ತಿ ನಿಶ್ಚಿಂತೆ ಇಲ್ಲ. ಜಪ್ತಿ ಕಾನೂನು ಮೀರಿದ್ದೇ ಆದರೂ, ಬೇರೆ ದಾರಿಯಿಂದ ಸಿಕ್ಕ ಸಾಕ್ಷ್ಯದ ಮೇಲೆ ಸರ್ಕಾರ ಆ ವಸ್ತುವನ್ನು ಮುಟ್ಟುಗೋಲು ಹಾಕಬಹುದು ಎಂದು ಹಲವು ಕೋರ್ಟುಗಳು ಹೇಳಿವೆ.

ಹೆದ್ದಾರಿಯಲ್ಲಿ ಏನಾಗುತ್ತದೆ

ಸಂಚಾರ ನಿಯಮಗಳು ಎಷ್ಟು ಸಣ್ಣಸಣ್ಣವು ಎಂದರೆ ಯಾವ ಕಾರನ್ನಾದರೂ ತಡೆಯಲು ಒಂದು ನೆಪ ಸಿಗುತ್ತದೆ. ಮುಂದಿನ ಗಾಡಿಗೆ ತೀರಾ ಹತ್ತಿರ ಹೋದೆ, ಲೇನ್ ಗೆರೆ ಮುಟ್ಟಿದೆ, ಹೀಗೆ. ಆ ಉಲ್ಲಂಘನೆ ನಿಜವಾಗಿದ್ದರೆ ಪೊಲೀಸರ ಮನಸ್ಸಿನಲ್ಲಿ ಬೇರೆ ಉದ್ದೇಶ ಇದ್ದರೂ ಪರವಾಗಿಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ ‘ಕಾರು ಸ್ವಲ್ಪ ನೋಡಬಹುದಾ?’ ಎಂದು ಕೇಳುತ್ತಾರೆ. ಬೇಡ ಎನ್ನುವ ಹಕ್ಕು ನಿಮಗಿದೆ. ಆದರೆ ಆ ಹಕ್ಕಿದೆ ಎಂದು ಪೊಲೀಸರು ಹೇಳಬೇಕಾಗಿಲ್ಲ, ಇದು 1973ರಿಂದ ಇರುವ ನಿಯಮ. ರಾತ್ರಿ ಹೊತ್ತು, ದಾರಿಯ ಬದಿ, ಸೊಂಟದಲ್ಲಿ ಬಂದೂಕು ಇರುವ ಮನುಷ್ಯ ಕೇಳಿದಾಗ ಎಷ್ಟು ಜನ ಬೇಡ ಎನ್ನುತ್ತಾರೆ? ಬೇಡ ಎಂದರೆ ನಾಯಿ ಬರುತ್ತದೆ. ನಾಯಿ ಹೊರಗಿನಿಂದ ಮೂಸುವುದು ಶೋಧವೇ ಅಲ್ಲ ಎಂದು 2005ರ ತೀರ್ಪು. ನಾಯಿಗಾಗಿ ಕಾಯಿಸುತ್ತಾ ಕಾರನ್ನು ಬೇಕಂತಲೇ ತಡೆದಿಡುವ ಹಾಗಿಲ್ಲ ಎಂದು 2015ರಲ್ಲಿ ಒಂದು ಬೇಲಿ ಹಾಕಿದರು. ಒಂದೊಂದು ತೀರ್ಪನ್ನೂ ಬಿಡಿಯಾಗಿ ನೋಡಿದರೆ ಅದಕ್ಕೊಂದು ತರ್ಕ ಕಾಣುತ್ತದೆ. ಒಟ್ಟಿಗೆ ಜೋಡಿಸಿದರೆ ಹೆದ್ದಾರಿಯಲ್ಲಿ ರಕ್ಷಣೆ ಎನ್ನುವುದು ತೆಳ್ಳಗಿನ ಪರದೆ ಅಷ್ಟೇ.

2021ರ ಫೆಬ್ರುವರಿಯಲ್ಲಿ ನೆವಾಡದ ರೀನೋ ಹತ್ತಿರ ಹೀಗೇ ಆಯಿತು. ನಿವೃತ್ತ ಮರೀನ್ ಸೈನಿಕರೊಬ್ಬರು ಮಕ್ಕಳನ್ನು ನೋಡಲು ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾ ಕಡೆ ಹೋಗುತ್ತಿದ್ದರು. ಟ್ಯಾಂಕರ್ ಲಾರಿಯ ಹಿಂದೆ ತೀರಾ ಹತ್ತಿರ ಓಡಿಸಿದಿರಿ ಎಂದು ತಡೆದರು. ದುಡ್ಡು ಇದೆಯಾ ಎಂದರೆ ಇದೆ ಎಂದರು, ನೋಡಬಹುದಾ ಎಂದರೆ ನೋಡಿ ಎಂದರು. 86,900 ಡಾಲರ್ ಇತ್ತು. ಬ್ಯಾಂಕುಗಳನ್ನು ನಂಬುವುದಿಲ್ಲ, ಇದು ನನ್ನ ಉಳಿತಾಯ ಎಂದು ಹಣ ತೆಗೆದ ರಸೀದಿಗಳನ್ನೂ ತೋರಿಸಿದರು. ನಾಯಿ ಕರೆಸಿದರು, ಹಣ ತೆಗೆದುಕೊಂಡರು. ದಂಡದ ಚೀಟಿಯೂ ಇಲ್ಲ, ಬಂಧನವೂ ಇಲ್ಲ. ಹಣವನ್ನು ಕೇಂದ್ರದ ಡ್ರಗ್ಸ್ ನಿಯಂತ್ರಣ ಸಂಸ್ಥೆಯಾದ ಡಿಇಎಗೆ ಒಪ್ಪಿಸಿದರು. ಇಡೀ ಘಟನೆ ಪೊಲೀಸರ ಮೈಮೇಲಿದ್ದ ಕ್ಯಾಮೆರಾದಲ್ಲೇ ದಾಖಲಾಗಿದೆ. ಅವರು ಕೇಸು ಹಾಕಿ, ಸುದ್ದಿ ಪತ್ರಿಕೆಗೆ ಹೋದ ಮೇಲೆ ಸರ್ಕಾರ ಹಣ ವಾಪಸ್ ಕೊಟ್ಟಿತು.

ವಿಮಾನ ನಿಲ್ದಾಣದ್ದು ಇನ್ನೊಂದು ಬಗೆ. ಪ್ರಯಾಣಿಕರನ್ನು ಹತ್ತುವ ಗೇಟಿನ ಬಳಿ ಡಿಇಎ ಸಿಬ್ಬಂದಿ ತಡೆದು ‘ಬ್ಯಾಗ್ ನೋಡಬಹುದಾ?’ ಎಂದು ಕೇಳುತ್ತಿದ್ದರು. ಇದೆಲ್ಲ ಒಪ್ಪಿಗೆಯ ಮೇಲೆ ನಡೆಯುವ ಮಾತುಕತೆ ಎಂದು ಅವರ ವಾದ. 2024ರ ನವೆಂಬರಿನಲ್ಲಿ ನ್ಯಾಯ ಇಲಾಖೆಯ ಆಂತರಿಕ ಮೇಲ್ವಿಚಾರಕರಾದ ಇನ್‌ಸ್ಪೆಕ್ಟರ್ ಜನರಲ್ ಮೈಕಲ್ ಹೊರೊವಿಟ್ಜ್ ಅವರ ಕಚೇರಿ ಒಳಗಿನ ಕಥೆ ಬಿಚ್ಚಿಟ್ಟಿತು. ವಿಮಾನ ಕಂಪನಿಯೊಂದರ ಉದ್ಯೋಗಿ, ಹೊರಡುವ 48 ಗಂಟೆಯೊಳಗೆ ಟಿಕೆಟ್ ಕೊಂಡವರ ಹೆಸರುಗಳನ್ನು ಡಿಇಎಗೆ ಕೊಡುತ್ತಿದ್ದ. ಅದಕ್ಕೆ ಪ್ರತಿಯಾಗಿ, ಸಿಕ್ಕ ನಗದಿನಲ್ಲಿ ಅವನಿಗೆ ಪಾಲು. ಕೆಲವು ವರ್ಷಗಳಲ್ಲಿ ಹತ್ತಾರು ಸಾವಿರ ಡಾಲರ್ ಪಡೆದಿದ್ದ. ಯಾರನ್ನು ತಡೆಯಬೇಕು ಎಂದು ತೀರ್ಮಾನಿಸುವವನಿಗೇ ಕಮಿಷನ್! ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಕೊನೆ ಗಳಿಗೆಯಲ್ಲಿ ಟಿಕೆಟ್ ತೆಗೆದವರೂ ಆ ಪಟ್ಟಿಯಲ್ಲಿ ಬರುತ್ತಾರೆ ಅಲ್ವಾ. ನ್ಯಾಯ ಇಲಾಖೆ ಕೂಡಲೇ ಈ ಪದ್ಧತಿಯನ್ನು ನಿಲ್ಲಿಸಲು ಹೇಳಿತು.

ಅದೇ ಕಚೇರಿ 2017ರಲ್ಲಿ ಇನ್ನೊಂದು ವರದಿ ಕೊಟ್ಟಿತ್ತು. 2007ರಿಂದ ಹತ್ತು ವರ್ಷದಲ್ಲಿ ಡಿಇಎ ಹಿಡಿದ ನಗದು 400 ಕೋಟಿ ಡಾಲರ್‌ಗೂ ಜಾಸ್ತಿ. ಅದರಲ್ಲಿ ಸುಮಾರು 320 ಕೋಟಿ ಯಾವ ಕೋರ್ಟನ್ನೂ ನೋಡದೆ, ಕಚೇರಿಯ ಕಾಗದದ ಮೇಲೆಯೇ ಸರ್ಕಾರದ ಪಾಲಾಯಿತು. ಮಾದರಿಗೆಂದು ಆರಿಸಿದ 100 ಜಪ್ತಿಗಳಲ್ಲಿ 44 ಮಾತ್ರ ಯಾವುದಾದರೂ ತನಿಖೆಗೆ ನೆರವಾದದ್ದು ಖಚಿತವಾಯಿತು. ನನಗೆ ಈ 44 ಎನ್ನುವ ಸಂಖ್ಯೆ ಉಳಿದ ಕೋಟಿಗಳಿಗಿಂತ ಜಾಸ್ತಿ ಹೇಳುತ್ತದೆ. ಜಪ್ತಿಯಿಂದ ಡ್ರಗ್ಸ್ ಜಾಲ ಬೇಧಿಸುತ್ತೇವೆ ಎನ್ನುವುದು ಅದರ ಪರವಾದ ಮುಖ್ಯ ವಾದ. ಆ ಮಾದರಿಯ ಅರ್ಧಕ್ಕಿಂತ ಹೆಚ್ಚು ಕೇಸುಗಳಲ್ಲಿ ಜಾಲದ ಸುಳಿವು ಮುಂದಕ್ಕೆ ಹೋಯಿತು ಎನ್ನುವುದೇ ಖಚಿತವಾಗಿಲ್ಲ.

ಜನ ಕೋರ್ಟಿಗೆ ಯಾಕೆ ಹೋಗುವುದಿಲ್ಲ? ಲೆಕ್ಕ ಸರಳ. ನೋಟಿಸ್ ಬರಲು 60 ದಿನದವರೆಗೆ ಆಗಬಹುದು. ಬಂದ ಮೇಲೆ ಹಕ್ಕು ಕೇಳಲು ಇರುವುದು ಸುಮಾರು 35 ದಿನ. ಸುಳ್ಳು ಹೇಳಿದರೆ ಶಿಕ್ಷೆ ಎನ್ನುವ ಷರತ್ತಿನ ಮೇಲೆ ಸಹಿ ಹಾಕಬೇಕು. ಒಂದು ದಿನ ತಡವಾದರೂ ಹಣ ಹೋದ ಹಾಗೆಯೇ. ಸರಿಯಾಗಿ ಅರ್ಜಿ ಹಾಕಿದರೆ ಸರ್ಕಾರಕ್ಕೆ ಮೊಕದ್ದಮೆ ಹೂಡಲು ಇನ್ನೂ 90 ದಿನ. ವಕೀಲರನ್ನು ನೀವೇ ಹಿಡಿಯಬೇಕು. ಇನ್‌ಸ್ಟಿಟ್ಯೂಟ್ ಫಾರ್ ಜಸ್ಟಿಸ್ ಎಂಬ ಸಂಸ್ಥೆ 21 ರಾಜ್ಯಗಳ ಅಂಕಿಅಂಶ ನೋಡಿ 2020ರಲ್ಲಿ ಹೇಳಿದ್ದು, ಮುಟ್ಟುಗೋಲಾದ ನಗದಿನ ಮಧ್ಯಮ ಮೊತ್ತ 1,276 ಡಾಲರ್. ಅಂದರೆ ಅರ್ಧ ಕೇಸುಗಳಲ್ಲಿ ಇದಕ್ಕಿಂತಲೂ ಕಮ್ಮಿ. ಇಷ್ಟಕ್ಕೆ ಯಾವ ವಕೀಲರು ಸಿಗುತ್ತಾರೆ? ಫೀಸೇ ಇದಕ್ಕಿಂತ ಜಾಸ್ತಿ. ಈ ಸಂಸ್ಥೆ ಮುಟ್ಟುಗೋಲಿನ ವಿರುದ್ಧ ವಾದಿಸುವ ಪಕ್ಷದ್ದೇ, ಬೆವರ್ಲಿ ಹಿಲ್ಸ್ ಕೇಸಿನಲ್ಲೂ ಇವರೇ ಇದ್ದರು. ಅದನ್ನು ಗಮನದಲ್ಲಿಟ್ಟುಕೊಂಡೇ ಓದಬೇಕು. ಆದರೆ ಸಂಖ್ಯೆಗಳು ಸರ್ಕಾರಿ ದಾಖಲೆಗಳಿಂದಲೇ ತೆಗೆದವು.

ಈ ಚಿತ್ರದಲ್ಲಿ ಕಾಣುವುದು ದೊಡ್ಡ ಡ್ರಗ್ಸ್ ಸಾಹುಕಾರ ಅಲ್ಲ, ಸಂಬಳದ ದುಡ್ಡು ಜೇಬಿನಲ್ಲಿಟ್ಟುಕೊಂಡು ಓಡಾಡುವವನು.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎಂದು ಹೇಳುತ್ತಿಲ್ಲ. ಹಣ ಸಾಗಿಸುವವನ ಬಳಿ ಡ್ರಗ್ಸ್ ಇರುವುದಿಲ್ಲ, ಯಜಮಾನ ಮೆಕ್ಸಿಕೋದಲ್ಲಿ ಕೂತಿರುತ್ತಾನೆ, ಸಾಕ್ಷಿ ಹೇಳುವವರು ಸಿಗುವುದಿಲ್ಲ. ಇಂಥ ಕಡೆ ದುಡ್ಡನ್ನಾದರೂ ಹಿಡಿಯದೆ ಇನ್ನೇನು ಮಾಡುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಬರ್ನಿ ಮೇಡಾಫ್‌ನ ವಂಚನೆಯಲ್ಲಿ ಕಳೆದುಕೊಂಡವರಿಗೆ ನೂರಾರು ಕೋಟಿ ಡಾಲರ್ ಮರಳಿದ್ದು ಮುಟ್ಟುಗೋಲಿನಿಂದಲೇ. ಆದರೆ ಮೇಡಾಫ್‌ನನ್ನು ಹಿಡಿದ ಕಾನೂನಿನ ಹೆಸರು ಹೇಳಿಕೊಂಡು 1,276 ಡಾಲರ್ ಕಿತ್ತುಕೊಳ್ಳುವುದನ್ನು ಒಪ್ಪಲಾಗದು.

ಕೋರ್ಟು ಎಷ್ಟು ನೆರವಾಗಿದೆ

ಸುಪ್ರೀಂ ಕೋರ್ಟಿನ ದಾರಿ ನೇರವಿಲ್ಲ. 1996ರ ಬೆನ್ನಿಸ್ ಕೇಸಿನಲ್ಲಿ ಗಂಡ ವೇಶ್ಯೆಯ ಜೊತೆ ಕಾರಿನಲ್ಲಿ ಸಿಕ್ಕಿಬಿದ್ದ. ಕಾರು ಹೆಂಡತಿಯ ಹೆಸರಿನಲ್ಲೂ ಇತ್ತು, ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೂ ಕಾರು ಹೋಯಿತು, ಅವಳ ಪಾಲೂ ಹೋಯಿತು. 5-4 ತೀರ್ಪು. ಜನರ ಸಿಟ್ಟಿಗೆ 2000ದಲ್ಲಿ ಸಂಸತ್ತು ಕೇಂದ್ರದ ಕಾನೂನನ್ನು ತಿದ್ದಿ, ಗೊತ್ತಿಲ್ಲದ ಮಾಲೀಕರಿಗೆ ರಕ್ಷಣೆ ಕೊಟ್ಟಿತು. ಸಾಬೀತು ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. ಆದರೆ ಸಾಬೀತಿನ ಮಟ್ಟ ತೂಕ ಸ್ವಲ್ಪ ಆ ಕಡೆ ವಾಲಿದರೆ ಸಾಕು ಎನ್ನುವಷ್ಟೇ. ದುಡ್ಡು ಯಾರಿಗೆ ಹೋಗುತ್ತದೆ ಎನ್ನುವುದನ್ನು ಮಾತ್ರ ಮುಟ್ಟಲಿಲ್ಲ.

2019ರ ಟಿಂಬ್ಸ್ ಕೇಸು ಜನರಿಗೆ ಗೆಲುವು. ಇಂಡಿಯಾನಾದಲ್ಲಿ ಕೆಲವು ನೂರು ಡಾಲರ್‌ನ ಹೆರಾಯಿನ್ ಮಾರಿದವನ ಸುಮಾರು 42 ಸಾವಿರ ಡಾಲರ್‌ನ ಲ್ಯಾಂಡ್ ರೋವರ್ ಕಾರನ್ನು ಹಿಡಿದರು. ಅದನ್ನು ಕೊಂಡದ್ದು ಅಪ್ಪನ ವಿಮೆ ಹಣದಿಂದ. ಆ ಅಪರಾಧಕ್ಕೆ ಗರಿಷ್ಠ ದಂಡವೇ 10 ಸಾವಿರ. ವಿಪರೀತ ದಂಡ ಹಾಕಬಾರದು ಎನ್ನುವ ಎಂಟನೇ ತಿದ್ದುಪಡಿ ರಾಜ್ಯಗಳಿಗೂ ಅನ್ವಯಿಸುತ್ತದೆ ಎಂದು ರೂತ್ ಬೇಡರ್ ಗಿನ್ಸ್‌ಬರ್ಗ್ ಸರ್ವಾನುಮತದ ತೀರ್ಪು ಬರೆದರು.

ಐದು ವರ್ಷ ಕಳೆದು 2024ರ ಮೇ ತಿಂಗಳಲ್ಲಿ ಕಲ್ಲಿ ಕೇಸು. ಅಲಬಾಮಾದಲ್ಲಿ ಒಬ್ಬ ತಾಯಿ ಮಗನಿಗೆ, ಇನ್ನೊಬ್ಬ ಮಹಿಳೆ ಸ್ನೇಹಿತನಿಗೆ ಕಾರು ಕೊಟ್ಟಿದ್ದರು. ಕಾರು ಕೊಂಡೊಯ್ದವರು ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದರು. ಕಾರು ಜಪ್ತಿಯಾಯಿತು. ಇಬ್ಬರಿಗೂ ಕೊನೆಗೆ ಕಾರು ಸಿಕ್ಕಿತು, ಒಂದು ವರ್ಷಕ್ಕೂ ಮೀರಿ ಕಾದ ಮೇಲೆ. ಕೇಸು ಮುಗಿಯುವವರೆಗೆ ಕಾರನ್ನು ಸರ್ಕಾರ ಇಟ್ಟುಕೊಳ್ಳಬೇಕೇ ಎಂದು ತೀರ್ಮಾನಿಸಲು ಮೊದಲೇ ಒಂದು ಸಣ್ಣ ವಿಚಾರಣೆ ಬೇಕು ಎಂದು ಅವರು ಕೇಳಿದ್ದು. ಬೇಡ, ಮುಖ್ಯ ವಿಚಾರಣೆ ಸಕಾಲದಲ್ಲಿ ನಡೆದರೆ ಸಾಕು ಎಂದು ಬ್ರೆಟ್ ಕವನಾ 6-3ರ ಬಹುಮತದಿಂದ ಬರೆದರು. ಅಮೆರಿಕದ ಹಳ್ಳಿಗಾಡಿನಲ್ಲಿ ಕಾರಿಲ್ಲದಿದ್ದರೆ ಕೆಲಸಕ್ಕೆ ಹೋಗುವುದು ಹೇಗೆ ಎನ್ನುವುದನ್ನು ಬಹುಮತ ಅಷ್ಟಾಗಿ ತಲೆಗೆ ಹಾಕಿಕೊಂಡಂತೆ ಕಾಣಲಿಲ್ಲ. ಕುತೂಹಲದ ಸಂಗತಿ ಎಂದರೆ ಬಹುಮತದ ಜೊತೆಗಿದ್ದ ನೀಲ್ ಗೋರ್ಸಚ್ ಬೇರೆ ಟಿಪ್ಪಣಿ ಬರೆದು, ಕ್ಲಾರೆನ್ಸ್ ಥಾಮಸ್ ಅದಕ್ಕೆ ಸಹಿ ಹಾಕಿ, ಈಗಿನ ಮುಟ್ಟುಗೋಲು ಪದ್ಧತಿಯೇ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ಮುಂದಿನ ಕೇಸಿನಲ್ಲಿ ಕೇಳಬೇಕು ಎಂದರು. ಭಿನ್ನ ತೀರ್ಪು ಕೊಟ್ಟವರು ಉದಾರವಾದಿ ಮೂವರು. ಅಂದರೆ ಒಂಬತ್ತರಲ್ಲಿ ಐವರಿಗೆ ಈ ವ್ಯವಸ್ಥೆಯ ಬಗ್ಗೆ ಅನುಮಾನ ಇದೆ, ತೀರ್ಪು ಮಾತ್ರ ಸರ್ಕಾರದ ಕಡೆ.

ರಾಜ್ಯಗಳು ಸ್ವಲ್ಪ ಮುಂದೆ ಹೋಗಿವೆ. ನ್ಯೂ ಮೆಕ್ಸಿಕೋ 2015ರಲ್ಲಿ, ನೆಬ್ರಾಸ್ಕಾ 2016ರಲ್ಲಿ, ಮೇನ್ 2021ರಲ್ಲಿ ಸಿವಿಲ್ ಮುಟ್ಟುಗೋಲನ್ನು ತೆಗೆದುಹಾಕಿದವು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರ ಮಾತ್ರ ರಾಜ್ಯದ ಕಾನೂನು ನಮಗೆ ಅನ್ವಯಿಸುವುದಿಲ್ಲ ಎಂದು ಕಾರು ಹಿಡಿಯುವುದನ್ನು ಮುಂದುವರಿಸಿತು. ಮುಂದಿನ ವರ್ಷ ಎಷ್ಟು ಕಾರು ಹಿಡಿಯುತ್ತೇವೆ, ಎಷ್ಟು ಹರಾಜು ಹಾಕುತ್ತೇವೆ ಎಂದು ನಗರದ ಬಜೆಟ್ಟಿನಲ್ಲೇ ಬರೆದಿತ್ತು! ಇನ್ನೂ ನಡೆಯದ ಅಪರಾಧಗಳ ಆದಾಯ ಅದು. 2018ರಲ್ಲಿ ಕೇಂದ್ರ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಉಳಿದ ಕಡೆ ರಾಜ್ಯದ ಕಾನೂನು ಬಿಗಿಯಾದರೂ ಆ 80 ಶೇಕಡಾದ ಹಿಂಬಾಗಿಲು ತೆರೆದೇ ಇದೆ. ರಾಜ್ಯದ ಪೊಲೀಸರು ಹಿಡಿದು ಕೇಂದ್ರಕ್ಕೆ ಕೊಟ್ಟರೆ ರಾಜ್ಯದ ನಿಯಮ ಲೆಕ್ಕಕ್ಕೇ ಬರುವುದಿಲ್ಲ. ಒಬಾಮಾ ಕಾಲದ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ 2015ರಲ್ಲಿ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದರು. ಟ್ರಂಪ್ ಮೊದಲ ಅವಧಿಯ ಜೆಫ್ ಸೆಷನ್ಸ್ 2017ರಲ್ಲಿ ಮತ್ತೆ ತೆರೆದರು.

ನಮ್ಮ ಕಡೆ

ಭಾರತದ ಸುಪ್ರೀಂ ಕೋರ್ಟು ಈ ನಾಲ್ಕನೇ ತಿದ್ದುಪಡಿಯನ್ನು ನೇರವಾಗಿಯೇ ಕೈಗೆತ್ತಿಕೊಂಡಿದ್ದಿದೆ. 1954ರ ಎಂ.ಪಿ. ಶರ್ಮಾ ಕೇಸಿನಲ್ಲಿ ಎಂಟು ನ್ಯಾಯಮೂರ್ತಿಗಳು, ನಮ್ಮ ಸಂವಿಧಾನ ಬರೆದವರು ಅಂಥ ಹಕ್ಕನ್ನು ಸೇರಿಸಿಲ್ಲ, ನಾವು ಹೊರಗಿನಿಂದ ತರುವ ಹಾಗಿಲ್ಲ ಎಂದರು. ತಪ್ಪಾದ ಶೋಧದಿಂದ ಸಿಕ್ಕ ಸಾಕ್ಷ್ಯವೂ ನಡೆಯುತ್ತದೆ ಎಂದು 1973ರ ಪೂರನ್ ಮಲ್ ಕೇಸಿನಲ್ಲಿ ತೀರ್ಮಾನವಾಯಿತು, ಅದು ಆದಾಯ ತೆರಿಗೆ ದಾಳಿಯ ಕೇಸು. ಶರ್ಮಾ ತೀರ್ಪು ಖಾಸಗಿತನದ ಬಗ್ಗೆ ಹೇಳಿದ್ದು ಬಿದ್ದುಹೋದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಿನಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದಾಯಿತು. ಆದರೆ ಕಾನೂನು ಮೀರಿದ ಶೋಧದ ಸಾಕ್ಷ್ಯವನ್ನು ಹೊರಗಿಡುವ ನಿಯಮ ನಮ್ಮಲ್ಲಿ ಹುಟ್ಟಲಿಲ್ಲ.

ಇ.ಡಿ. ಬಳಸುವ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲಿ ಆಸ್ತಿಯನ್ನು ಮೊದಲು 180 ದಿನ ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಬಹುದು. ಹಣ ಅಕ್ರಮದ್ದಲ್ಲ ಎಂದು ತೋರಿಸುವ ಹೊಣೆ ಬಹುಮಟ್ಟಿಗೆ ಆರೋಪಿಯದ್ದೇ. 2022ರಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಎತ್ತಿಹಿಡಿಯಿತು. ಹೀಗೆ ನೋಡಿದರೆ ಅಮೆರಿಕದ ಪ್ರಜೆಗೆ ಕಾಗದದ ಮೇಲೆ ನಮಗಿಂತ ಜಾಸ್ತಿ ರಕ್ಷಣೆ ಇದೆ. ಆದರೆ ನಮ್ಮಲ್ಲಿ ಮುಟ್ಟುಗೋಲಾದ ಆಸ್ತಿ ಕೇಂದ್ರ ಸರ್ಕಾರಕ್ಕೆ ಸೇರುತ್ತದೆ, ಹಿಡಿದ ಠಾಣೆಯ ಬಜೆಟ್ಟಿಗೆ ಅಲ್ಲ. ಚುನಾವಣೆ ಸಮಯದಲ್ಲಿ ಚೆಕ್‌ಪೋಸ್ಟಿನಲ್ಲಿ 50 ಸಾವಿರಕ್ಕಿಂತ ಜಾಸ್ತಿ ನಗದಿಗೆ ದಾಖಲೆ ಕೇಳಿ, ಅಡಿಕೆ ಮಾರಿ ಬಂದವರನ್ನೂ ಸತಾಯಿಸುವುದು ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಅದು ಕಿರಿಕಿರಿಯೇ. ಆದರೂ ಹಿಡಿದ ಅಧಿಕಾರಿಯ ಕಚೇರಿಗೆ ಅದರಿಂದ ಹೊಸ ಜೀಪು ಬರುವುದಿಲ್ಲ.

ಅಮೆರಿಕಕ್ಕೆ ಹೋಗಿ ಬರುವ ನಮ್ಮವರು ಒಂದು ವಿಷಯ ತಿಳಿದಿರಬೇಕು. ದೇಶದ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ 10 ಸಾವಿರ ಡಾಲರ್‌ಗಿಂತ ಜಾಸ್ತಿ ನಗದು ಇದ್ದರೆ ಘೋಷಿಸಬೇಕು. ಒಯ್ಯಬಾರದು ಎಂದಲ್ಲ, ತೆರಿಗೆಯೂ ಇಲ್ಲ, ಹೇಳಬೇಕು ಅಷ್ಟೇ. ಒಟ್ಟಿಗೆ ಹೋಗುವ ಕುಟುಂಬದ ಹಣವನ್ನು ಸೇರಿಸಿಯೇ ಲೆಕ್ಕ, ಆರು ಸಾವಿರ ನನ್ನ ಹತ್ತಿರ, ಆರು ಸಾವಿರ ಅವಳ ಹತ್ತಿರ ಎಂದರೆ ನಡೆಯುವುದಿಲ್ಲ. 1998ರ ಬಜಕಾಜಿಯನ್ ಕೇಸಿನಲ್ಲಿ ಒಬ್ಬ ಘೋಷಿಸದೆ 3,57,144 ಡಾಲರ್ ಒಯ್ಯುತ್ತಿದ್ದ. ಸಾಲ ತೀರಿಸಲು ಒಯ್ಯುತ್ತಿದ್ದ ಸಕ್ರಮ ಹಣ ಅದು. ಸರ್ಕಾರ ಅಷ್ಟನ್ನೂ ಕೇಳಿತು. ಬರೀ ಫಾರ್ಮ್ ತುಂಬದ್ದಕ್ಕೆ ಇದು ವಿಪರೀತ ಎಂದು 5-4ರಲ್ಲಿ ಕೋರ್ಟು ತಡೆಯಿತು. 2001ರಲ್ಲಿ ಸಂಸತ್ತು ದೊಡ್ಡ ನಗದನ್ನು ಬಚ್ಚಿಟ್ಟು ಸಾಗಿಸುವುದನ್ನೇ ಪ್ರತ್ಯೇಕ ಅಪರಾಧ ಮಾಡಿತು, ಹಾಗಾಗಿ ಆ ತೀರ್ಪನ್ನು ನೆಚ್ಚಿಕೊಂಡು ಸುಮ್ನೆ ಇರುವ ಹಾಗಿಲ್ಲ. ದೇಶದ ಒಳಗೆ ಓಡಾಡುವಾಗ ಇಂಥ ಮಿತಿ ಇಲ್ಲ. ಹಳೇ ಕಾರು ಕೊಳ್ಳಲು ನಗದು ಒಯ್ಯುವುದಿದ್ದರೆ ಬ್ಯಾಂಕಿನ ಚೀಟಿ ಜೊತೆಗಿರಲಿ. ಗಡಿಯಲ್ಲಿ ಬಿಟ್ಟು ಬೇರೆ ಕಡೆ ‘ನೋಡಬಹುದಾ?’ ಎಂದು ಕೇಳಿದರೆ, ಜಗಳವಾಡದೆ, ಬೇಡ ಎಂದು ಮರ್ಯಾದೆಯಿಂದ ಹೇಳಬಹುದು.

ಇದನ್ನೆಲ್ಲ ಸರಿ ಮಾಡಲು ಫೇರ್ ಆಕ್ಟ್ ಎಂಬ ಮಸೂದೆ ಹಲವು ವರ್ಷದಿಂದ ಅಮೆರಿಕದ ಸಂಸತ್ತಿನಲ್ಲಿ ಓಡಾಡುತ್ತಿದೆ. ಕೋರ್ಟಿಲ್ಲದೆ ಮುಟ್ಟುಗೋಲು ಹಾಕುವುದು ನಿಲ್ಲಬೇಕು, ಸಾಬೀತಿನ ಮಟ್ಟ ಏರಬೇಕು, ಬಡವರಿಗೆ ವಕೀಲರು ಸಿಗಬೇಕು, ರಾಜ್ಯಗಳ ಜೊತೆಗಿನ ಹಂಚಿಕೆ ಹೋಗಬೇಕು, ಹಣ 1984ಕ್ಕೆ ಮುಂಚಿನ ಹಾಗೆ ಸಾಮಾನ್ಯ ಖಜಾನೆಗೆ ಸೇರಬೇಕು ಎನ್ನುವುದು ಅದರ ಸಾರ. ನನ್ನ ಪ್ರಕಾರ ಕೊನೆಯದೊಂದೇ ಆದರೂ ಸಾಕು, ಉಳಿದದ್ದರಲ್ಲಿ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ಯಾವ ವಿಷಯಕ್ಕೂ ಒಪ್ಪದ ರಿಪಬ್ಲಿಕನ್ನರು, ಡೆಮಾಕ್ರಾಟರು 2023ರಲ್ಲಿ ಕೆಳಮನೆಯ ನ್ಯಾಯಾಂಗ ಸಮಿತಿಯಲ್ಲಿ 26-0 ಮತದಿಂದ ಇದನ್ನು ಒಪ್ಪಿದರು. ಆ ಅವಧಿ ಮುಗಿದರೂ ಅದು ಕಾನೂನಾಗಲಿಲ್ಲ. ವಿರೋಧಿಸುವವರಲ್ಲಿ ಮುಂದೆ ನಿಂತವರು ಪೊಲೀಸ್ ಮತ್ತು ಷೆರಿಫ್ ಸಂಘಟನೆಗಳು.